ಐರ್ಲೆಂಡಿನ ರಾಜರೂ ನಮ್ಮ ಮನೆಯ ಸ್ಟೀಲ್ ಡಬ್ಬಗಳೂ

ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಅಧ್ಯಕ್ಷನಾಗಬೇಕೆಂಬ ಆಸೆಯಷ್ಟು ನಾಚಿಕೆಗೇಡಿನದು ಇನ್ನೊಂದಿಲ್ಲ. ಕೆಮ್ಮು ಬಂದರೆ ಧಾರಾಳವಾಗಿ ಕೆಮ್ಮಬಹುದು, ಜ್ವರ ಬಂದರೆ ಹೊದ್ದು ಮಲಗಬಹುದು. ಇದು ಬಂದರೆ ಹೆಂಡತಿಗೂ ಹೇಳುವಂತಿಲ್ಲ. 'ನನಗ್ಯಾಕಪ್ಪ ಇದೆಲ್ಲ, ಯಾರಾದರೂ ಹಿರಿಯರು ಆಗಲಿ' ಎಂದು ಹಲ್ಲು ಕಿರಿಯುತ್ತಲೇ, ಹಿರಿಯರು ಯಾರೂ ಮುಂದೆ ಬರದಿರಲೆಂದು ಒಳಗೊಳಗೇ ಹರಕೆ ಹೊರಬೇಕು. ಸ್ಟಾಕ್‌ಹೋಮ್ ಪಕ್ಕದ ಕಿಸ್ಟಾದಲ್ಲಿ ಎಂಟು ವರ್ಷದಿಂದ ಟೆಲಿಕಾಂ ಸಾಫ್ಟ್‌ವೇರಿನ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತಿರುವ ನನಗೆ ಈ ಕಾಯಿಲೆ ಅಂಟಿ ಮೂರು ವರ್ಷವಾಯಿತು. ಬೇಕಾದರೆ ನನ್ನ ಮೇಜಿನ ಡ್ರಾಯರ್ ಎಳೆದು ನೋಡಬಹುದಿತ್ತು. ಅಲ್ಲಿ ಹನ್ನೊಂದು ಪುಟಗಳ ಅಧ್ಯಕ್ಷ ಭಾಷಣ, 'ನೆರೆದಿರುವ ಸಮಸ್ತ ಕನ್ನಡ ಬಾಂಧವರೇ' ಎಂಬಲ್ಲಿಂದ ಹಿಡಿದು 'ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ' ಎಂಬವರೆಗೆ ತಯಾರಾಗಿ ಕೂತಿತ್ತು. ಅಧ್ಯಕ್ಷಗಿರಿ ಒಂದು ಬರಬೇಕಿತ್ತು ಅಷ್ಟೆ.

ನಮ್ಮ ಪರಿಚಯದ ಕನ್ನಡಿಗರೆಲ್ಲ ಸೇರಿದರೆ ಒಂದು ಹಾಲ್ ತುಂಬಬಹುದು. ಆದರೆ ಸೇರಬೇಕಲ್ಲ! ನಮ್ಮಲ್ಲಿ ಕೂಟಗಳು ಮೂರು. ಕಿಸ್ಟಾದಲ್ಲಿ ನಮ್ಮದೊಂದು. ರೈಲಿನಲ್ಲಿ ಎರಡು ಗಂಟೆ ದೂರದ ಓರೆಬ್ರೂದಲ್ಲಿ ಧಾರವಾಡದ ಎಂಜಿನಿಯರ್ ನಜೀರ್ ಅವರದೊಂದು. ಅದನ್ನೂ ದಾಟಿ ಪಶ್ಚಿಮದ ಕಡಲಿನ ಕಡೆ ಹೋದರೆ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆ ಮಾಡುವ, ಕುಂದಾಪುರದ ಕಡೆಯ ಶ್ಯಾಮಲಾ ಅವರದೊಂದು. ಪ್ರತಿ ವರ್ಷ ನವೆಂಬರಿನ ಒಂದೇ ಶನಿವಾರ ಮೂರು ಊರಿನಲ್ಲಿ ಮೂರು ರಾಜ್ಯೋತ್ಸವ. ಹೋದ ವರ್ಷ ನಮ್ಮದಕ್ಕೆ ಬಂದವರು ಹನ್ನೊಂದು ಜನ, ಅದರಲ್ಲಿ ಮೂವರು ನಾವೇ. ನನ್ನ ಒಂಬತ್ತು ವರ್ಷದ ಮಗಳು ಇಂಚರ ಒಂದು ತಿಂಗಳು ಗಂಟಲು ಕಿತ್ತುಕೊಂಡು ಬಾಯಿಪಾಠ ಮಾಡಿದ ಪದ್ಯವನ್ನು ಖಾಲಿ ಕುರ್ಚಿಗಳಿಗೆ ಹೇಳಿ ಇಳಿದಳು. ಮನೆಗೆ ಬರುವಾಗ ಮೆಟ್ರೋದಲ್ಲಿ, "ವಾರ್ ದೆ ಅಲ್ಲಾ, ಪಾಪಾ?" ಎಂದಳು. ಎಲ್ಲರೂ ಅಂದ್ರೆ ಅಷ್ಟೇನಾ ಅಪ್ಪ ಎಂದು ಅದರ ಅರ್ಥ. ಮುಂದಿನ ವರ್ಷ ಮೂರೂ ಕೂಟ ಒಂದಾಗಬೇಕು, ಇವಳು ತುಂಬಿದ ಹಾಲ್ ನೋಡಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಮೂರೂ ಸೇರಿದ ಮೇಲೆ ಒಬ್ಬ ಅಧ್ಯಕ್ಷ ಬೇಕಾಗುತ್ತಾನೆ, ಅದಕ್ಕೆ ಯಾರಾದರೂ ಹಿರಿಯರು ಸಿಗದೆ ಇರುತ್ತಾರೆಯೇ ಎಂಬುದು ಎರಡನೆಯ ಯೋಚನೆ. ದೇವರಾಣೆಗೂ ಎರಡನೆಯದೇ.

ಫೋನ್ ಮಾಡಿದೆ. ನಜೀರ್, "ಒಂದಾಗೋಣ ಸರ್, ಅದಕ್ಕೇನಂತೆ! ನೀವೆಲ್ಲ ಇಲ್ಲಿಗೇ ಬಂದ್ಬಿಡ್ರಿ" ಎಂದರು. ಶ್ಯಾಮಲಾ, "ಒಳ್ಳೆ ಐಡಿಯಾ ಮಾರಾಯ್ರೆ. ನೀವು ಇಲ್ಲಿಗೆ ಬನ್ನಿ, ನಮ್ಮದೇನೂ ಅಭ್ಯಂತರ ಇಲ್ಲ" ಎಂದರು. ನಾನೂ ಅದನ್ನೇ ಹೇಳುವವನಿದ್ದೆ.

ಮಾರನೆಯ ದಿನ ಆಫೀಸಿನ ಫಿಕಾದಲ್ಲಿ ಇದನ್ನೇ ತೋಡಿಕೊಂಡೆ. ಫಿಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕೆಲಸದ ಮಾತು ಬಿಟ್ಟು ಬೇರೆಲ್ಲ ಆಡುವ ಇಲ್ಲಿನ ಪವಿತ್ರ ವಿಧಿ. ಕೇಳಿಸಿಕೊಂಡವನು ಪಕ್ಕದ ಮೇಜಿನ ಬ್ರೆಂಡನ್. ಐರ್ಲೆಂಡಿನವನು, ಬನ್ನು ತಿನ್ನುವುದರಲ್ಲಿ ನನಗಿಂತ ಒಂದು ಕೈ ಮೇಲು, ಹಳೆಯ ಇತಿಹಾಸ ಸಿಕ್ಕರೆ ಬನ್ನನ್ನೂ ಮರೆಯುವವನು. "ಮೂರೇ ಮೂರು ರಾಜ್ಯಕ್ಕೆ ಇಷ್ಟು ಅಳುತ್ತೀಯಲ್ಲ ಪ್ರಕಾಶ್! ನಮ್ಮಲ್ಲಿ ಒಂದು ಕಾಲಕ್ಕೆ ನೂರಕ್ಕೂ ಮೇಲೆ ರಾಜರಿದ್ದರು" ಎಂದು ಪೇಪರ್ ನ್ಯಾಪ್ಕಿನ್ ಬಿಡಿಸಿ ನಕ್ಷೆ ಬರೆಯತೊಡಗಿದ. ಒಂದೊಂದು ಕುಲಕ್ಕೆ ಒಂದೊಂದು ಪುಟ್ಟ ರಾಜ್ಯ, ಅದಕ್ಕೊಬ್ಬ ರಾಜ. ಬೆಳಿಗ್ಗೆ ಬಿಟ್ಟ ಹಸು ಮಧ್ಯಾಹ್ನಕ್ಕೆ ಪರದೇಶದಲ್ಲಿ ಮೇಯುತ್ತಿರುತ್ತದೆ, ಅಷ್ಟಗಲ. ಮೂರ್ನಾಲ್ಕು ರಾಜರ ಮೇಲೊಬ್ಬ ದೊಡ್ಡ ರಾಜ, ಆ ದೊಡ್ಡವರ ಮೇಲೆ ಇನ್ನೊಬ್ಬ. ಉತ್ತರದಲ್ಲಿ ಉಲಾದ್ ಜನ, ಪಶ್ಚಿಮದಲ್ಲಿ ಕೊನ್ನಖ್ತರು, ಪೂರ್ವದಲ್ಲಿ ಲೈಗಿನರು, ದೊಡ್ಡವರ ನಡುವೆ ಸಿಕ್ಕಿಕೊಂಡು ಒದ್ದಾಡುವ ಒಸ್ರೈಗೆಯವರು. ಅವರಲ್ಲಿ ಪ್ರಾಂತ್ಯಕ್ಕೆ 'ಐದನೇ ಒಂದು ಪಾಲು' ಎಂದೇ ಹೆಸರಂತೆ, ಈಗ ಎಣಿಸಿದರೆ ಇರುವುದು ನಾಲ್ಕೇ ಪ್ರಾಂತ್ಯ. "ಐದನೆಯದು ಎಲ್ಲಿ ಹೋಯಿತೋ?" ಎಂದೆ. "ಅದು ನಟ್ಟನಡುವೆ ಇತ್ತು. ಎಲ್ಲರೂ ತಮಗೆ ಬೇಕು ಎಂದು ಎಳೆದಾಡಿದರು" ಎಂದ. ಹೊಸ ರಾಜ ಪಟ್ಟಕ್ಕೆ ಬಂದ ಕೂಡಲೇ ಪಕ್ಕದವರ ದನ ಹೊಡೆದುಕೊಂಡು ಬಂದು ತನ್ನ ತಾಕತ್ತು ತೋರಿಸಬೇಕಾಗಿತ್ತಂತೆ. ಅದರಲ್ಲೇನು ಮಹಾ, ತುರುಗಾಳಗದಲ್ಲಿ ಸತ್ತವರ ವೀರಗಲ್ಲು ನಮ್ಮಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆಲ್ಲ ಬಿದ್ದಿವೆ ಎಂದು ನಾನೂ ಬಿಟ್ಟುಕೊಡಲಿಲ್ಲ. ಅಂಗ ಊನವಾದವನು ರಾಜನಾಗುವಂತಿರಲಿಲ್ಲವಂತೆ; ಜೇನು ಕಚ್ಚಿ ಕಣ್ಣು ಹೋದ ಒಬ್ಬ ಪಾಪ ಸಿಂಹಾಸನವನ್ನೂ ಕಳೆದುಕೊಂಡನಂತೆ. ನಾನು ಸಹಜವಾಗಿ ನನ್ನ ಬೊಕ್ಕತಲೆ ಸವರಿಕೊಂಡೆ. ಕೂದಲನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಎಂದು ಬ್ರೆಂಡನ್ ಧೈರ್ಯ ಹೇಳಿದ.

ಆಮೇಲೆ ಹೇಳಿದ್ದು ಕೇಳಿ ನನ್ನ ಕೈಯ ಬನ್ನು ಕಾಫಿಯಲ್ಲಿ ಮುಳುಗಿತು. ಅಲ್ಲಿ ದೊಡ್ಡ ರಾಜ ಚಿಕ್ಕ ರಾಜನಿಗೆ ಉಡುಗೊರೆ ಕೊಡುತ್ತಿದ್ದನಂತೆ, ಕುದುರೆ, ಬಟ್ಟಲು, ಹೊದೆಯಲು ಬಣ್ಣದ ಬಟ್ಟೆ. ಚಿಕ್ಕವನು ತೆಗೆದುಕೊಂಡನೋ, ಮುಗಿಯಿತು, ಅವನು ಸಾಮಂತ. ಇನ್ನೊಬ್ಬ ರಾಜನ ಮನೆಗೆ ತಾನಾಗಿ ನಡೆದುಹೋದರೂ ಶರಣಾದಂತೆಯೇ. ನಾವು ಶಾಲೆಯಲ್ಲಿ ಓದಿದ್ದು ಕಪ್ಪ ಕೊಟ್ಟವನು ಸಾಮಂತ ಎಂದು. ಇವರಲ್ಲಿ ತಗೊಂಡವನು ಸಾಮಂತ! ಯುದ್ಧ ಬೇಡ, ಚುನಾವಣೆ ಬೇಡ, ವಾಟ್ಸಾಪ್ ಗುಂಪಿನಲ್ಲಿ ಜಗಳ ಬೇಡ. ಎರಡು ಡಬ್ಬ ಮೈಸೂರುಪಾಕು ಸಾಕು.

ನನ್ನ ಹೆಂಡತಿ ವಸುಧಾ ದಾಗಿಸಿನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಾಳೆ. ಮೂರು ವರ್ಷದ ಹದಿನಾರು ರಾಜರನ್ನು ದಿನವಿಡೀ ಸಂಭಾಳಿಸುವವಳಿಗೆ ನನ್ನ ಸಾಮ್ರಾಜ್ಯದ ಯೋಜನೆ ಏನೂ ಅನ್ನಿಸಲಿಲ್ಲ. "ಮೈಸೂರುಪಾಕು ಮಾಡ್ಕೊಡ್ತೀನಿ. ಡಬ್ಬ ವಾಪಸ್ ಬರ್ಬೇಕು" ಎಂದಳು. ಪ್ಲಾಸ್ಟಿಕ್ಕಿನಲ್ಲಿ ಕೊಡು ಎಂದೆ. "ಮನೆ ಮರ್ಯಾದೆ ಪ್ರಶ್ನೆ ರೀ" ಎಂದು, ಮದುವೆಯಲ್ಲಿ ಚಿಕ್ಕಪೇಟೆಯಿಂದ ತಂದ ಸ್ಟೀಲ್ ಡಬ್ಬಗಳನ್ನೇ ಇಳಿಸಿದಳು. ಪಾತ್ರೆ ಅಂಗಡಿಯವನು ಟರ್ರೆನ್ನುವ ಸೂಜಿಯಿಂದ ತಳಕ್ಕೂ ಮುಚ್ಚಳಕ್ಕೂ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದ ಡಬ್ಬಗಳು, ಕಳೆದುಹೋಗುವ ಭಯವಿಲ್ಲ ಎಂದು ನಾನೂ ಒಪ್ಪಿದೆ.

ಆಗಸ್ಟಿನ ಒಂದು ಶನಿವಾರ ದಿಗ್ವಿಜಯಕ್ಕೆ ಹೊರಟೆ. ಅವರ ಮನೆಗೆ ಹೋಗುವಂತಿಲ್ಲ, ಹೋದರೆ ನಾನೇ ಶರಣಾದಂತೆ. ಆದ್ದರಿಂದ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೇ ಪಟ್ಟಾಭಿಷೇಕ ಎಂದು ತೀರ್ಮಾನಿಸಿದ್ದೆ. ಓರೆಬ್ರೂದಲ್ಲಿ ಇಳಿದಾಗ ನಜೀರ್ ಆಗಲೇ ಬಂದು ನಿಂತಿದ್ದರು. ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಬ್ಬ ಸಾಮಂತ! ಆಮೇಲೆ ನನ್ನ ತೋಳು ಹಿಡಿದು, "ನಡೀರಿ ಸರ್, ಬಿಸಿ ರೊಟ್ಟಿ, ಎಣ್ಣೆಗಾಯಿ ಕಾಯ್ತಾ ಇದೆ. ಊರಿಗೆ ಬಂದು ಊಟ ಮಾಡ್ದೆ ಹೋಗೋದುಂಟಾ?" ಎಂದರು. ನನ್ನ ಹೊಟ್ಟೆ ಅಲ್ಲಿಂದಲ್ಲಿಗೇ ಶರಣಾಗಲು ಸಿದ್ಧವಿತ್ತು. ಎದೆ ಕಲ್ಲು ಮಾಡಿಕೊಂಡು, ಮುಂದಿನ ರೈಲು ತಪ್ಪುತ್ತದೆ ಎಂದು ಓಡಿದೆ. ಆ ರೈಲು ಬರಲು ಇನ್ನೂ ಐವತ್ತು ನಿಮಿಷವಿತ್ತು; ಅಷ್ಟೂ ಹೊತ್ತು ಚಕ್ರವರ್ತಿಗಳು ಒಂದು ಕಂಬದ ಹಿಂದೆ ನಿಂತು ತಣ್ಣನೆಯ ಸ್ಯಾಂಡ್‌ವಿಚ್ ತಿಂದರು. ಸಂಜೆಯ ಹೊತ್ತಿಗೆ ಮೋಲ್ನ್‌ಡಾಲ್ ಪಕ್ಕದ ದೊಡ್ಡ ಊರು ಯೋತೆಬೊರಿಯ ನಿಲ್ದಾಣದಲ್ಲಿ ಶ್ಯಾಮಲಾ ಅವರೂ, "ಅಯ್ಯೋ, ಇಷ್ಟಕ್ಕೇ ಇಷ್ಟು ದೂರ ಬಂದ್ರಾ? ಎಂಥ ಒಳ್ಳೆ ಜನ ಮಾರಾಯ್ರೆ ನೀವು" ಎಂದು ಡಬ್ಬ ತೆಗೆದುಕೊಂಡರು. ವಾಪಸ್ ಬರುವಾಗ ಕಿಟಕಿಯಾಚೆ ಓಡುವ ಕಾಡು, ಕೆರೆ, ಕೆಂಪು ಮನೆಗಳನ್ನೆಲ್ಲ ನನ್ನವೇ ಎಂಬಂತೆ ನೋಡುತ್ತಾ ಬಂದೆ.

ನನ್ನ ಚಕ್ರಾಧಿಪತ್ಯ ಎಂಟು ದಿನ ಬಾಳಿತು. ಒಂಬತ್ತನೆಯ ದಿನ ಆಫೀಸಿನಿಂದ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡೂ ಡಬ್ಬ ಫಳಫಳ ಹೊಳೆಯುತ್ತಿದ್ದವು. ಈ ಕಡೆ ಬರುವ ಯಾರದೋ ಕೈಯಲ್ಲಿ ಕಳಿಸಿದ್ದರು. ಮುಚ್ಚಳ ತೆಗೆದೆ. ಒಂದರಲ್ಲಿ ಕರದಂಟು, ಇನ್ನೊಂದರಲ್ಲಿ ಬಾಳೆಹಣ್ಣಿನ ಹಲ್ವ! ಹಾಳಾಯಿತು. ಡಬ್ಬವನ್ನು ಖಾಲಿ ವಾಪಸ್ ಕೊಡಬಾರದು ಎಂಬ ಒಂದು ವಿಷಯದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕನ್ನಡಿಗರೂ ಒಂದೇ ಎಂಬುದನ್ನು ನಾನು ಹೇಗೆ ಮರೆತೆ? "ಯಾಕೆ ತಗೊಂಡೆ?" ಎಂದು ಕೂಗಿದೆ. "ತಲೆ ಕೆಟ್ಟಿದ್ಯಾ? ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅಂತಾರಾ ಯಾರಾದ್ರೂ?" ಎಂದಳು ವಸುಧಾ, ಬಾಯಲ್ಲಿ ಹಲ್ವ. ಮರುದಿನ ಬ್ರೆಂಡನ್ ವಿಚಾರಣೆ ನಡೆಸಿದ. "ತೆಗೆದುಕೊಂಡೆಯಾ?" "ಹೂಂ." "ತಿಂದೆಯಾ?" "ಎರಡು ಸಲ." "ಹಾಗಾದರೆ ನೀನು ಏಕಕಾಲಕ್ಕೆ ಇಬ್ಬರ ಸಾಮಂತ. ಒಸ್ರೈಗೆಯವರ ಗತಿ" ಎಂದು ತೀರ್ಪು ಕೊಟ್ಟು, ಸಾಕ್ಷ್ಯವಾಗಿ ತಂದಿದ್ದ ಹಲ್ವವನ್ನು ತಾನೇ ಮುಗಿಸಿದ.

ಬಿಡುವ ಮಗನೇ ನಾನು? ಡಬ್ಬಗಳು ಚಕ್ಕುಲಿ ತುಂಬಿಕೊಂಡು ಮತ್ತೆ ಹೊರಟವು. ಚಕ್ಕುಲಿ ಹೋಗಿ ಸಜ್ಜಕದ ಹೋಳಿಗೆ ಬಂತು. ಕೋಡುಬಳೆ ಹೋಗಿ ಹಲಸಿನ ಹಪ್ಪಳ ಬಂತು. ರೈಲು ಹತ್ತುವ ಯಾವ ಕನ್ನಡಿಗನೂ ಬರಿಗೈಯಲ್ಲಿ ಹೋಗುವಂತಿಲ್ಲ ಎಂದಾಯಿತು; ಎರಡು ಡಬ್ಬ ಸಾಲದೆ ವಸುಧಾ ಮದುವೆಯ ಡಬ್ಬಗಳನ್ನು ಇನ್ನಷ್ಟು ಇಳಿಸಿದಳು. ಫ್ರಿಜ್ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ಮಂಗಳವಾರ ನಾನು ಚಕ್ರವರ್ತಿ, ಶನಿವಾರ ಸಾಮಂತ, ಮತ್ತೆ ಬುಧವಾರ ಚಕ್ರವರ್ತಿ. ಇಂಚರ ಅದನ್ನು ನೋಡಿ, "ಪಾಪಾ, ಯು ಆರ್ ಲೂಸಿಂಗ್" ಎಂದು ತಿಳಿಸಿ ಇನ್ನೊಂದು ಹೋಳಿಗೆ ತೆಗೆದುಕೊಂಡಳು. ಡಬ್ಬಗಳ ಜೊತೆ ಹೋಗಿಬರುತ್ತಿದ್ದ ಚೀಟಿಗಳನ್ನು ಮಾತ್ರ ನಾನು ಒಂದೆರಡು ಸಾಲಿನಾಚೆ ಓದಲಿಲ್ಲ. ಹಲ್ವಕ್ಕೆ ಬೆಲ್ಲ ಎಷ್ಟು, ಮಗುವಿನ ಹಲ್ಲು ಬಂತಾ, ಈ ಕಡೆ ಬಂದಾಗ ಬನ್ನಿ, ಇಂಥ ಹೆಂಗಸರ ಮಾತಿಗೂ ರಾಜಕಾರಣಕ್ಕೂ ಏನು ಸಂಬಂಧ ಎಂದುಕೊಂಡೆ.

ಅಕ್ಟೋಬರಿನಲ್ಲಿ ನಜೀರ್ ಫೋನ್ ಮಾಡಿದರು. "ಸರ್, ಕೊಮ್ಯೂನಿನವ್ರ ಹಾಲ್ ಸಿಕ್ತು. ಈ ಸಲ ಎಲ್ಲಾರೂ ಇಲ್ಲೇ, ಓರೆಬ್ರೂದಲ್ಲಿ. ನಡುವೆ ಅಲ್ವಾ, ಎಲ್ಲಾರಿಗೂ ಅನುಕೂಲ." ಕೊಮ್ಯೂನ್ ಎಂದರೆ ನಮ್ಮ ನಗರಸಭೆ ಇದ್ದಂತೆ. ಯಾರು ತೀರ್ಮಾನ ಮಾಡಿದ್ದು ಎಂದೆ. "ಡಬ್ಬದಲ್ಲೇ ಮಾತಾಯ್ತಲ್ಲ ಸರ್!" ನನ್ನ ದನಿ ತಾನಾಗಿಯೇ ಮೆತ್ತಗಾಯಿತು. "ಅಧ್ಯಕ್ಷತೆಗೆ... ಯಾರಾದರೂ ಹಿರಿಯರು?" "ಅದೂ ಆಗಿದೆ ಸರ್. ಯಾರೂ ಎರಡು ಮಾತು ಆಡ್ಲಿಲ್ಲ. ಅಲ್ಲೇ ಹೇಳ್ತೀವಿ, ಸಸ್ಪೆನ್ಸ್!" ನಾನು ಫೋನ್ ಇಟ್ಟು ನೇರ ಡ್ರಾಯರಿಗೆ ಹೋದೆ.

ಆ ಶನಿವಾರ ಹೊಸ ಜುಬ್ಬ, ಅದರ ಜೇಬಿನಲ್ಲಿ ಹನ್ನೊಂದು ಪುಟ. ಜೊತೆಗೆ ಅತಿಥಿಯಾಗಿ ಬ್ರೆಂಡನ್. ಹಾಲಿನ ಬಾಗಿಲಲ್ಲಿ ಶೂಗಳದ್ದೇ ಒಂದು ಗುಡ್ಡ. ಒಳಗೆ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಬೆಂಚು ಹೊತ್ತು ತರುತ್ತಿದ್ದರು. ಇಂಚರ ವೇದಿಕೆ ಹತ್ತಿ, ಜನ ನೋಡಿ, ಮೊದಲ ಸಾಲೇ ಮರೆತು ಕಿಸಕ್ಕನೆ ನಕ್ಕಳು. ಇಡೀ ಹಾಲ್ ನಕ್ಕಿತು. ಆಮೇಲೆ ಒಂದೇ ಉಸಿರಿನಲ್ಲಿ ಪದ್ಯ ಮುಗಿಸಿ, ಚಪ್ಪಾಳೆ ನಿಲ್ಲುವ ಮೊದಲೇ ಓಡಿಬಂದು, "ಸೋ ಮೋಂಗಾ, ಪಾಪಾ! ಎಷ್ಟೊಂದ್ ಜನ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನನಗೆ ಅಳು ಬಂತು. ಆ ಕ್ಷಣದಲ್ಲಿ ಅಧ್ಯಕ್ಷಗಿರಿ ಹಾಳಾಗಿ ಹೋಗಲಿ ಎಂದು ಮನಸಾರೆ ಅನ್ನಿಸಿದ್ದೂ ನಿಜ. ಅನಿಸಿಕೆ ಅರ್ಧ ನಿಮಿಷ ಇತ್ತು.

ಶ್ಯಾಮಲಾ ಮೈಕ್ ಹಿಡಿದರು. "ನಾವು ಮೂರು ಊರಿನವರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡ್ತಾ ಇರ್ಲಿಲ್ಲ. ಮೊದಲು ಕೈ ಚಾಚಿ ಕೊಟ್ಟವರು ಒಬ್ಬರೇ. ಮೂರು ತಿಂಗಳಿಂದ ನಮ್ಮೆಲ್ಲರ ಅಡುಗೆಮನೆಯಲ್ಲೂ ಒಂದೇ ಹೆಸರು ಓಡಾಡ್ತಾ ಉಂಟು." ನಾನು ಕುರ್ಚಿಯಿಂದ ಅರ್ಧ ಎದ್ದೆ, ಕೈ ಜೇಬಿನಲ್ಲಿ. ಅವರು ಒಂದು ಡಬ್ಬ ಎತ್ತಿ ಹಿಡಿದು ಅದರ ತಳವನ್ನು ಸಭೆಗೆ ತೋರಿಸಿ ಓದಿದರು: "ವಸುಧಾ!" ಹಾಲ್ ಕಿತ್ತುಹೋಗುವಂಥ ಚಪ್ಪಾಳೆ. ಅರ್ಧ ಎದ್ದವನು ಏನು ಮಾಡಬೇಕು? ಜುಬ್ಬ ಸರಿಮಾಡಿಕೊಳ್ಳುವವನಂತೆ ನಟಿಸಿ ಹೆಂಡತಿಗೆ ದಾರಿ ಬಿಟ್ಟೆ. ಡಬ್ಬದ ಮೇಲೇನಿದೆ ಎಂದು ಬ್ರೆಂಡನ್ ಕೇಳಿದ, ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹಾಗಾದರೆ ಉಡುಗೊರೆ ಕೊಟ್ಟವಳು ಅವಳು! ಕೂತ್ಕೋ ಸಾಮಂತ" ಎಂದು ನನ್ನ ಜುಬ್ಬ ಹಿಡಿದು ಎಳೆದ.

ವಸುಧಾಳ ಅಧ್ಯಕ್ಷ ಭಾಷಣ ಎರಡೇ ಮಾತು. "ಎಲ್ಲರೂ ಊಟ ಮಾಡ್ಕೊಂಡೇ ಹೋಗಿ. ನನ್ನ ಇನ್ನೂ ಮೂರು ಡಬ್ಬ ಬರ್ಬೇಕು, ದಯವಿಟ್ಟು ನೆನಪಿಟ್ಕೊಳ್ಳಿ." ಊಟದ ಹೊತ್ತಿಗೆ ಕೋಡುಬಳೆಯ ಕೆಳಗೆ ಹಾಸಲು ಕಾಗದ ಸಾಲದೆ ಬಂದು, "ರೀ, ಜೇಬಲ್ಲಿ ಏನೋ ಇದೆಯಲ್ಲ, ಕೊಡಿ" ಎಂದಳು. ಕೊಟ್ಟೆ. ನನ್ನ ಹನ್ನೊಂದು ಪುಟಗಳೂ ಅಂದು ಜನರನ್ನು ತಲುಪಿದವು.

ಸೋಮವಾರ ಆಫೀಸಿನಲ್ಲಿ ಊಟದ ಡಬ್ಬ ತೆಗೆದೆ. ಚಿತ್ರಾನ್ನ. ಬ್ರೆಂಡನ್ ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡು, ಆ ಚುಕ್ಕಿ ಅಕ್ಷರಗಳ ಮೇಲೆ ಬೆರಳಾಡಿಸಿ, ಎಷ್ಟು ವರ್ಷದಿಂದ ಹೀಗೆ ತೆಗೆದುಕೊಳ್ಳುತ್ತಿದ್ದೀಯ ಎಂದು ಕೇಳಿದ. ಹದಿನಾಲ್ಕು ಎಂದೆ. ಆಮೇಲೆ ಸಂಜೆ ಮೆಟ್ರೋದಲ್ಲಿ ಕೂತಾಗ ಬ್ಯಾಗಿನೊಳಗಿನ ಖಾಲಿ ಡಬ್ಬದಲ್ಲಿ ಚಮಚ ಗಲಗಲ ಎಂದಿತು. ನಜೀರ್ ಕರದಂಟು ತುಂಬಿ ಕಳಿಸಿದರು, ಶ್ಯಾಮಲಾ ಹಲ್ವ ತುಂಬಿ ಕಳಿಸಿದರು. ಹದಿನಾಲ್ಕು ವರ್ಷದಿಂದ ದಿನಾ ವಸುಧಾಳ ಡಬ್ಬವನ್ನು ಖಾಲಿ ವಾಪಸ್ ತಂದುಕೊಟ್ಟ ಕನ್ನಡಿಗ ಇಡೀ ಸ್ವೀಡನ್ನಿನಲ್ಲಿ ನಾನೊಬ್ಬನೇ.