ಹರಕೆ ಹೊತ್ತ ಗೂಡ್ಸ್ ಗಾಡಿ

ನಮ್ಮ ಹೆಗ್ಗಡದೇವನಕೋಟೆಗೆ ರೈಲು ಬಂದಿಲ್ಲ. ಹುಣಸೂರಿಗೂ ಇಲ್ಲ, ಪಿರಿಯಾಪಟ್ಟಣಕ್ಕೂ ಇಲ್ಲ. ಸುತ್ತಮುತ್ತ ರೈಲು ಕಂಡವರು ಕೆ.ಆರ್. ನಗರದವರು ಮಾತ್ರ, ಅದಕ್ಕೇ ಅವರ ಮಾತಿನಲ್ಲಿ ಒಂಚೂರು ಗತ್ತು ಜಾಸ್ತಿ. ಇಂಥ ಕಡೆ ಒಬ್ಬ ಮನುಷ್ಯ, ಅದೂ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ನಡುಮನೆಯಲ್ಲಿ ಪುಟ್ಟ ರೈಲು ಹಾಕಿಕೊಂಡು ಕೂತರೆ ದಿನಕ್ಕೊಂದು ಪ್ರಸಂಗ ಆಗದೆ ಇರುತ್ತದೆಯೇ? ಆಗುತ್ತಲೇ ಇರುತ್ತವೆ. ಆ ಮನುಷ್ಯ ನಾನೇ. ನನಗಿದ್ದ ಆಸೆ ದೊಡ್ಡದೇನಲ್ಲ. ನಿಜವಾದ ರೈಲಿನ ಹಾಗೆ ಅಗಲವಾದ ತಿರುವಿನಲ್ಲಿ ನಿಧಾನಕ್ಕೆ ಹೊರಳಿ, ಎಲ್ಲೂ ಬೀಳದೆ, ನನ್ನ ಗಾಡಿ ಸುತ್ತು ಬರಬೇಕು ಅಷ್ಟೆ.

೧. ಗುಂಡುಕಲ್ಲು

ಆಟಿಕೆ ರೈಲಿನ ಪೆಟ್ಟಿಗೆಯ ಜೊತೆ ಬಂದ ಹಳಿ ಪುಟ್ಟ ಬಳೆಯಷ್ಟು ಗುಂಡಗಿತ್ತು. ಅದರ ಮೇಲೆ ಉದ್ದನೆಯ ಬೋಗಿಗಳು ತಿರುಗುವುದನ್ನು ನೋಡಿದರೆ ಓಣಿಯಲ್ಲಿ ಮಂಚ ಸಾಗಿಸುವವರ ನೆನಪಾಗುತ್ತಿತ್ತು. ಅದಕ್ಕೇ ಬೇಕಾದ ಹಾಗೆ ಬಗ್ಗುವ ಹಳಿ ತರಿಸಿದೆ. ಒಂದೊಂದು ತುಂಡೂ ಮೂರಡಿ ಉದ್ದ. ಬಗ್ಗುತ್ತದೆ, ಸುಳ್ಳಲ್ಲ. ಆದರೆ ಕೈ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ.

ನೆಲದ ಮೇಲೆ ಪ್ಲೈವುಡ್ ಹಾಸಿ, ಅಂಟು ಹಚ್ಚಿ, ಹಳಿಯನ್ನು ಬಗ್ಗಿಸಿ ಕೂರಿಸಿದೆ. ಅಂಟು ಒಣಗುವವರೆಗೆ ಅಲುಗದಿರಲಿ ಎಂದು ಒಂದು ತುದಿಗೆ ಅಕ್ಕಿ ಡಬ್ಬ, ನಡುವೆ ಇಸ್ತ್ರಿ ಪೆಟ್ಟಿಗೆ, ಇನ್ನೊಂದು ತುದಿಗೆ ಒರಳಿನ ಗುಂಡುಕಲ್ಲು ಇಟ್ಟು, ಪಕ್ಕದಲ್ಲೇ ಕಾಫಿ ಹಿಡಿದು ಕಾವಲು ಕೂತೆ. ಅಷ್ಟರಲ್ಲಿ ಹೆಂಡತಿಗೆ ಚಟ್ನಿ ರುಬ್ಬುವ ಹೊತ್ತಾಯಿತು. ಯಾರನ್ನೂ ಕೇಳದೆ ಗುಂಡುಕಲ್ಲು ಎತ್ತಿಕೊಂಡಳು. ಹಳಿ ಟಪ್ಪೆಂದು ಚಿಮ್ಮಿತು. ಕಾಫಿ ಲೋಟ ಅಕ್ಕಿ ಡಬ್ಬಕ್ಕೆ ಬಡಿದು, ಕಾಫಿ ಪೂರ್ತಿ ನನ್ನ ಪಂಚೆಗೆ ಬಿತ್ತು.

ಅವಳು ಕಲ್ಲು ಹಿಡಿದುಕೊಂಡೇ ಹಳಿಯನ್ನು ನೋಡಿದಳು. "ಥೇಟ್ ನಿಮ್ ತಮ್ಮನೇ ಕಣ್ರೀ," ಎಂದಳು. "ಹಿಡ್ಕೊಂಡಿರೋಗಂಟ ಹೇಳ್ದಂಗೆ ಕೇಳ್ತದೆ."

೨. ದಾರ

ಗೋಡೆಯ ಉದ್ದಕ್ಕೆ ಹೋಗುವ ಹಳಿಯನ್ನೂ ನೆಟ್ಟಗೆ ಬಿಡಬಾರದು, ಕಂಡೂ ಕಾಣದ ಹಾಗೆ ಬಾಗಿಸಬೇಕು ಅನ್ನಿಸಿತು. ಬಾಗು ಗುರುತು ಹಾಕಲು ನನಗೆ ಗೊತ್ತಿದ್ದ ವಿದ್ಯೆ ಒಂದೇ. ಒಂದು ಕಡೆ ಮೊಳೆ, ಇನ್ನೊಂದು ಕಡೆ ಪೆನ್ಸಿಲ್, ನಡುವೆ ದಾರ. ತಿರುವು ಅಗಲವಾದಷ್ಟೂ ದಾರ ಉದ್ದವಾಗಬೇಕು. ಲೆಕ್ಕ ಹಾಕಿ ನೋಡಿದರೆ ಮೊಳೆ ಹೊಡೆಯಬೇಕಾದ ಜಾಗ ನಮ್ಮ ಮನೆಯೊಳಗೆ ಇರಲೇ ಇಲ್ಲ. ಅದು ಕಿಟಕಿ ದಾಟಿ, ಪಕ್ಕದ ಮನೆಯವರ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಬಂತು. ಅಲ್ಲೇ ಹೊಡೆದೆ.

ಪಕ್ಕದ ಮನೆಯವನು ಬೇಸಾಯಗಾರ, ಒಳ್ಳೆಯ ಮನುಷ್ಯ. ಆದರೆ ತನ್ನ ನೆಲದಲ್ಲಿ ಮೊಳೆ, ಆ ಮೊಳೆಯಿಂದ ನನ್ನ ಮನೆಗೆ ದಾರ ಕಂಡರೆ ಯಾವ ಬೇಸಾಯಗಾರ ಸುಮ್ಮನಿರುತ್ತಾನೆ? ಒಳಗೆ ಹೋದವನು ಪಹಣಿ, ನಕ್ಷೆ, ಅವರಪ್ಪನ ಕಾಲದ ವಿಭಾಗ ಪತ್ರ ಎಲ್ಲ ಹಿಡಿದುಕೊಂಡು ಬಂದ. ಅಳತೆ ಮಾಡುವ ಮೊದಲು ನೋಟೀಸು ಕೊಡಬೇಕಿತ್ತು ಎಂದು ಆಕ್ಷೇಪಣೆ ತೆಗೆದ. ಒತ್ತುವರಿ ಅಲ್ಲಪ್ಪ, ರೈಲಿನ ತಿರುವು, ಅದರ ಸೆಂಟರ್ ನಿಮ್ಮ ಹಿತ್ತಲಿಗೆ ಬಂದಿದೆ ಅಷ್ಟೆ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ.

ಅರ್ಥವಾದ ಮೇಲೆ ಅವನ ಮುಖವೇ ಬೇರೆಯಾಯಿತು. ಮೊಳೆ ಅಲ್ಲಾಡಬಾರದೆಂದು ತಾನೇ ಕುಕ್ಕರಗಾಲಲ್ಲಿ ಕೂತು ಗುರುತು ಮುಗಿಯುವವರೆಗೆ ಹಿಡಿದುಕೊಂಡ. ಈಗ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನು ಹೇಳುವುದು ಹೀಗೆ: "ಗಾಡಿ ಡ್ರೈವರಣ್ಣನ ಮನೇಲಿ ಓಡ್ತದೆ, ನಿಜ. ಸೆಂಟರ್ ಇರದು ನಮ್ ಹಿತ್ಲಲ್ಲಿ."

೩. ಬಲಗಡೆ

ನಡುಮನೆಯ ಒಂದು ಕೊನೆಯಲ್ಲಿ ಅಮ್ಮನ ದೇವರ ಮಂಟಪವಿದೆ. ಅದರ ಹಿಂದೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿದ್ದಾರೆ, ಹಬ್ಬಹುಣ್ಣಿಮೆಗೆ ಸುತ್ತು ಬರಲು. ಆ ಕೊನೆಯ ತಿರುವು ಅಗಲವಾಗಿ ಬರಬೇಕಾದರೆ ಹಳಿ ಆ ಜಾಗದಲ್ಲೇ ಹೋಗಬೇಕು. ಬೇರೆ ದಾರಿಯಿಲ್ಲ. ಎಂಬತ್ತು ದಾಟಿದ ಅಮ್ಮನ ಮುಂದೆ ನಿಂತು, ಡಿಪೋ ಮ್ಯಾನೇಜರ್ ಮುಂದೆ ರಜೆ ಕೇಳುವವನ ಹಾಗೆ ಕೇಳಿದೆ.

ಅಮ್ಮ ಬೇಡ ಅನ್ನಲಿಲ್ಲ. ಗಾಡಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿದರು. ಎರಡೂ ಕಡೆಗೆ ಹೋಗುತ್ತದೆ, ಗುಂಡಿ ಆ ಕಡೆ ತಿರುಗಿಸಿದರೆ ಮುಂದಕ್ಕೆ, ಈ ಕಡೆ ತಿರುಗಿಸಿದರೆ ರಿವರ್ಸು ಎಂದು ಹೆಮ್ಮೆಯಿಂದ ಹೇಳಿದೆ. ಕೆಟ್ಟದ್ದೇ ಅಲ್ಲಿ. ದೇವರನ್ನು ಬಲಕ್ಕಿಟ್ಟುಕೊಂಡು ಹೋದರೆ ಪ್ರದಕ್ಷಿಣೆ, ಎಡಕ್ಕಿಟ್ಟುಕೊಂಡು ಬಂದರೆ ಮನೆಗೇ ಕೇಡು ಎಂದರು. ಹೋದ ರೈಲು ವಾಪಸು ಬರಲೇಬೇಕಲ್ಲಮ್ಮ ಎಂದೆ.

"ಹೋಗೋದು ಹೋಗ್ಲಿ ಮಗ," ಎಂದರು ಅಮ್ಮ. "ಬರೋದು ಬ್ಯಾರೆ ಯಾರ್ ಮನೇಲಾದ್ರೂ ಬರ್ಲಿ."

೪. ಮೊಣಕೈ

ಹಳಿ ಕೂರಿಸಿ ಮುಗಿದ ಮೇಲೆ ತಿಳಿದವರಿಗೆ ತೋರಿಸಬೇಕು ಅನ್ನಿಸಿತು. ಕೆ.ಆರ್. ನಗರದಲ್ಲಿ ನನ್ನ ಹಳೆಯ ಪ್ರಯಾಣಿಕರೊಬ್ಬರಿದ್ದಾರೆ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿ ಸರಿ ಮಾಡುತ್ತಿದ್ದವರು. ಫೋನು ಮಾಡಿದ ಎರಡನೇ ದಿನವೇ ಎರಡು ಬಸ್ಸು ಬದಲಾಯಿಸಿ ಬಂದರು. ಚಪ್ಪಲಿ ಬಿಟ್ಟರು, ನೀರು ಕುಡಿದರು, ನೆಟ್ಟಗೆ ಹೋಗಿ ನಡುಮನೆಯಲ್ಲಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ನೋಡಿದರು. ಅಡುಗೆಮನೆಯಿಂದ ಕಾಫಿ ತಂದ ನನ್ನ ಹೆಂಡತಿ ಅವರನ್ನು ನೋಡಿ ತಲೆಸುತ್ತು ಬಂದಿದೆ ಎಂದುಕೊಂಡು ಮೂಗಿಗೆ ಹಿಡಿಯಲೆಂದು ಈರುಳ್ಳಿ ತರಲು ಓಡಿದಳು.

ಅವರು ಮಲಗಿದ ಕಡೆಯಿಂದಲೇ ಬೆರಳು ಚಾಚಿ, ಮಂಟಪದ ಹಿಂದೆ ಮೊಣಕೈ ಇದೆ ಎಂದರು. ನೋಡಿದರೆ ನಿಜ. ಎರಡು ತುಂಡು ಹಳಿ ಸೇರುವ ಜಾಗ ತಿರುವಿನ ನಟ್ಟನಡುವೆ ಬಂದಿತ್ತು. ಎರಡೂ ತುದಿಗೆ ನೆಟ್ಟಗಾಗುವ ಚಟ, ಹಾಗಾಗಿ ಬಾಗು ಅಲ್ಲಿ ಮಡಿಸಿದ ಮೊಣಕೈಯ ಹಾಗೆ ಸಣ್ಣಗೆ ಮುರಿದುಕೊಂಡಿತ್ತು. ತೆಗೆದು ಮತ್ತೆ ಹಾಕಿ ಎಂದರು. ನನಗೆ ಸಿಟ್ಟು ಬಂತು. ನಾನು ಬಸ್ಸು ಓಡಿಸಿದ ರಸ್ತೆಗಳಲ್ಲಿ ಮೊಣಕೈ, ಮಂಡಿ, ಸೊಂಟ ಎಲ್ಲವೂ ಇದ್ದವು, ಒಂದು ದಿನವೂ ಬಸ್ಸು ಬೀಳಿಸಿಲ್ಲ ಎಂದೆ.

ಅವರು ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡರು. "ಬಸ್ಸು ಗುಂಡಿ ಕಂಡ್ರೆ ಪಕ್ಕಕ್ಕೋಯ್ತದೆ ಡ್ರೈವರ್ ಸಾಹೇಬ್ರೇ. ರೈಲು ಎಲ್ಲಿಗೋಗ್ಬೇಕು?"

೫. ನೂರೊಂದು

ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದಾಗ ಅವರು ಮನೆದೇವರಿಗೆ ಹರಕೆ ಹೊತ್ತಿದ್ದರು. ದೃಷ್ಟಿ ಚೆನ್ನಾಗಿ ಬಂದರೆ ನೂರೊಂದು ಪ್ರದಕ್ಷಿಣೆ. ದೃಷ್ಟಿ ಬಂತು, ಆದರೆ ಮಂಡಿ ಹೋಯಿತು. ಹರಕೆ ಹಾಗೇ ಉಳಿದು ಅಮ್ಮನಿಗೆ ಅದೇ ಕೊರಗು. ಒಂದು ಶುಕ್ರವಾರ ಬೆಳಿಗ್ಗೆ ಮಿಂದು ಬಂದು, ತಮ್ಮ ಹಳೆಯ ಕನ್ನಡಕವನ್ನು ನನ್ನ ಗೂಡ್ಸ್ ಗಾಡಿಯ ತೆರೆದ ಡಬ್ಬಿಯಲ್ಲಿ ಇಟ್ಟರು. ಹರಕೆ ಕಣ್ಣಿನದು, ಸುತ್ತುವುದೂ ಕಣ್ಣೇ ಸುತ್ತಲಿ ಎಂಬುದು ಅವರ ವಾದ. ಗಾಡಿ ನಡುವೆ ಬಿದ್ದರೆ ಮತ್ತೆ ಒಂದರಿಂದ ಶುರು. ಮುಗಿಯುವವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನುವ ಹಾಗಿಲ್ಲ.

ಏಳನೇ ಸುತ್ತಿನಲ್ಲಿ ಗಾಡಿ ಮಂಟಪದ ಹಿಂದೆ ಬಿತ್ತು. ಎಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ. ಅಮ್ಮ ಎಣಿಕೆಗೆ ಇಟ್ಟುಕೊಂಡಿದ್ದ ಹುಣಸೆಬೀಜಗಳನ್ನು ಮತ್ತೆ ಬಟ್ಟಲಿಗೆ ಸುರಿದು, ಮುಂದಿನ ಶುಕ್ರವಾರ ನೋಡೋಣ ಎಂದರು. ನನಗೆ ನಿಜವಾಗಿಯೂ ಬೇಜಾರಾಯಿತು. ಒಂದು ವಾರ ಕೂತು ಹಳಿ ಕಿತ್ತೆ. ಎರಡು ತುಂಡುಗಳನ್ನೂ ನೆಟ್ಟಗೆ ಇಟ್ಟು ಮೊದಲೇ ಬೆಸುಗೆ ಹಾಕಿ, ಒಂದೇ ಹಳಿ ಮಾಡಿ, ಆಮೇಲೆ ಒಟ್ಟಿಗೆ ಬಗ್ಗಿಸಿದೆ. ಬಗ್ಗಿಸಿದಾಗ ತುದಿಯಲ್ಲಿ ಒಳಗಿನ ಕಂಬಿ ಉದ್ದವಾಗಿ ಇಣುಕಿತು, ಅದನ್ನು ಕತ್ತರಿಸಿದೆ. ಹುಡುಕಿದರೂ ಮೊಣಕೈ ಸಿಗಲಿಲ್ಲ.

ಮುಂದಿನ ಶುಕ್ರವಾರ ಪಕ್ಕದ ಮನೆಯವನೂ ಬಂದು ಕೂತ. ಸೆಂಟರ್ ಅವನದಲ್ಲವೇ, ತಪ್ಪಿಸಲಾಗುವುದಿಲ್ಲ. ಗಾಡಿ ಹೊರಟಿತು. ಹತ್ತು, ಇಪ್ಪತ್ತು, ಐವತ್ತು. ಕನ್ನಡಕ ಹೊತ್ತ ಡಬ್ಬಿ ಮಂಟಪದ ಹಿಂದೆ ಮರೆಯಾಗುವಾಗಲೆಲ್ಲ ನಾನು ಕತ್ತು ಚಾಚುತ್ತಿದ್ದೆ, ಆ ಕಡೆ ಕಾಣಿಸಿಕೊಂಡಾಗ ಗೋಡೆಗೆ ಒರಗುತ್ತಿದ್ದೆ. ಎಂಬತ್ತು, ತೊಂಬತ್ತು. ಅಡುಗೆಮನೆಯಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ನೂರನೇ ಬೀಜ ನೆಲಕ್ಕೆ ಬಿತ್ತು. ಹೆಂಡತಿ ಮುದ್ದೆ ತಿರುವಲು ಎದ್ದಳು. ನೂರೊಂದನೇ ಸುತ್ತಿಗೆ ಗಾಡಿ ಮಂಟಪದ ಹಿಂದೆ ಹೋಯಿತು, ಆ ಕಡೆಯಿಂದ ಬರಲಿಲ್ಲ.

ಬಿದ್ದಿರಲಿಲ್ಲ. ಕರೆಂಟು ಹೋಗಿತ್ತು.

ಕೈಯಿಂದ ತಳ್ಳಲೇ ಎಂದು ಕೇಳಿದೆ. ತಳ್ಳಿದರೆ ಹರಕೆ ತಳ್ಳಿದವನಿಗೆ ಸೇರುತ್ತದೆ, ಮುಟ್ಟಬೇಡ ಎಂದರು ಅಮ್ಮ. ಕಾದೆವು. ಪಕ್ಕದ ಮನೆಯವನು ಲೈನ್‌ಮನ್‌ಗೆ ಫೋನು ಮಾಡಿ, ರೈಲು ನಿಂತಿದೆ, ಬೇಗ ಕರೆಂಟು ಕೊಡಿ ಎಂದ. ಆ ಕಡೆಯವರು ಊರಿನ ಹೆಸರು ಕೇಳಿ ಫೋನು ಇಟ್ಟರು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ನನ್ನ ಹೊಟ್ಟೆ ಎಲ್ಲರಿಗೂ ಕೇಳಿಸುವ ಹಾಗೆ ಗುರುಗುಟ್ಟಿತು.

ಆಗ ಅಮ್ಮ ಎದ್ದರು. ಯಾರ ಕೈಯನ್ನೂ ಹಿಡಿಯದೆ ಸರಸರ ನಡೆದು, ಹಳಿ ದಾಟಿ, ಮಂಟಪದ ಹಿಂದೆ ಹೋದರು. ಡಬ್ಬಿಯಿಂದ ಕನ್ನಡಕ ಎತ್ತಿಕೊಂಡು, ಉಳಿದ ಅರ್ಧ ಸುತ್ತನ್ನು ತಾವೇ ನಡೆದು ಮುಗಿಸಿ, ಕೈಮುಗಿದು, ಕೊನೆಯ ಬೀಜ ಕೆಳಗೆ ಹಾಕಿದರು. ಮಂಡಿನೋವು, ಸುತ್ತಲು ಆಗುವುದಿಲ್ಲ ಅಂದಿದ್ದೆಯಲ್ಲಮ್ಮ ಎಂದೆ.

"ನೂರೊಂದು ಆಗಾಕಿಲ್ಲ ಅಂದಿದ್ದೆ ಕಣ್ಲಾ. ಅರ್ಧ ಆಗಾಕಿಲ್ಲ ಅಂದಿದ್ನಾ?" ಎಂದು ಅಡುಗೆಮನೆಯ ಕಡೆ ತಿರುಗಿದ ಅಮ್ಮ, ಬಾಗಿಲಲ್ಲಿ ನಿಂತು ಗಾಡಿಯ ಕಡೆ ಕೈ ತೋರಿಸಿದರು. "ಅದ್ಕೆ ಅರ್ಧ ಸುತ್ತು ಬಾಕಿ ಅದೆ. ಕರೆಂಟ್ ಬಂದಾಗ ಹಾಕ್ಕಂಡು ಬತ್ತದೆ, ನೀನು ಉಣ್ಣಕ್ಕೆ ಬಾ."