ಹದಿನಾಲ್ಕು ಜಿಂಕೆಗಳ ಗೋಗ್ರಾಸ

ಮೂವತ್ತು ವರ್ಷ ರಸ್ತೆಗಳ ಸರ್ವೆ ಮಾಡಿ ನಿವೃತ್ತನಾದವನಿಗೆ ಜಿಂಕೆಗಳ ಸರ್ವೆ ಯಾವ ಲೆಕ್ಕ? ಧಾರವಾಡ ಬಿಟ್ಟು ಬಂದು ನಾವು ನೆಲೆಸಿದ ಹಿಮದ ನಾಡಿನ ಜಾರ್ಜ್‌ಟೌನ್‌ನ ಲೈಬ್ರರಿಯಲ್ಲಿ ‘ಜಿಂಕೆ ಎಣಿಸಲು ಸ್ವಯಂಸೇವಕರು ಬೇಕಾಗಿದ್ದಾರೆ’ ಎಂಬ ಚೀಟಿ ನೋಡಿದ ದಿನವೇ ಹೆಸರು ಕೊಟ್ಟು ಬಂದೆ. ಅದು 2012ರ ಚಳಿಗಾಲ.

ಜಿಂಕೆ ಎಣಿಸುವುದೆಂದರೆ ಜಿಂಕೆಯನ್ನು ಎಣಿಸುವುದಲ್ಲ, ಅದರ ಹಿಕ್ಕೆ ಎಣಿಸುವುದು ಎಂದು ತರಬೇತಿಯಲ್ಲಿ ಗೊತ್ತಾಯಿತು. ಹಿಮ ಕರಗಿದ ಮೇಲೆ ಕಾಡಿಗೆ ಹೋಗಬೇಕು. ಉದುರಿದ ಎಲೆಗಳ ಮೇಲಿರುವ ಹಿಕ್ಕೆಯ ಗುಪ್ಪೆ ಈ ಚಳಿಗಾಲದ್ದು. ಎಲೆಯ ಕೆಳಗಿದ್ದರೆ ಹಳೆಯದು, ಬರೆದುಕೊಳ್ಳುವಂತಿಲ್ಲ. ನಮ್ಮ ಹಿತ್ತಲ ಬೇಲಿಯಾಚೆಗಿನ ಕಾಡಿನ ತುಂಡೇ ನನ್ನ ಪಾಲಿಗೆ ಬಂತು.

ಏಪ್ರಿಲ್‌ನಲ್ಲಿ ಬೂಟು, ಟೇಪು, ನೋಟ್‌ಬುಕ್ಕುಗಳೊಂದಿಗೆ ಸನ್ನದ್ಧನಾದೆ. ಹೆಂಡತಿ ಸುಮತಿ ಬಾಗಿಲಲ್ಲಿ ನಿಂತು ಕೇಳಿದಳು, “ಎಲ್ಲಿಗೆ ಹೊಂಟ್ರಿ?”

“ಹಿಕ್ಕಿ ಎಣಸ್ಲಿಕ್ಕೆ.”

“ಇಂಜಿನಿಯರಿಂಗ್ ಕಲ್ತದ್ದು ಸಾರ್ಥಕ ಆತು ನೋಡ್ರಿ.”

ಆದರೆ ಕಾಡಿನಲ್ಲಿ ನನ್ನ ಭಾಗ್ಯವೇ ತೆರೆದಿತ್ತು. ಎಲ್ಲಿ ಕಾಲಿಟ್ಟರೂ ಗುಪ್ಪೆ! ಉಳಿದವರಿಗೆ ಇಡೀ ದಿನ ಹುಡುಕಿದರೂ ಹತ್ತು ಸಿಗುತ್ತಿರಲಿಲ್ಲ; ನಾನು ಮಧ್ಯಾಹ್ನದೊಳಗೆ ನೋಟ್‌ಬುಕ್ಕಿನ ಎರಡು ಪುಟ ತುಂಬಿಸಿದೆ. ತರಗತಿಗೇ ಮೊದಲು ಬಂದಷ್ಟು ಹಿಗ್ಗಿದೆ.

ಮುಂದಿನ ಸಭೆಯಲ್ಲಿ ಸರ್ವೆಯ ಮುಖ್ಯಸ್ಥೆ ಲಿಂಡಾ ನನ್ನ ಹೆಸರು ಕರೆದು, ಎಲ್ಲಕ್ಕಿಂತ ಹೆಚ್ಚು ಜಿಂಕೆಗಳಿರುವುದು ನನ್ನ ತುಂಡಿನಲ್ಲೇ ಎಂದಳು. ಎದ್ದು ನಿಂತು ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಅವಳು ಮಾತು ಮುಂದುವರಿಸಿದಳು: ಇಷ್ಟು ಜಿಂಕೆಗಳನ್ನು ಆ ಕಾಡು ತಾಳಲಾರದು, ಒಂದು ಸಸಿಯೂ ಮೇಲೇಳುವುದಿಲ್ಲ, ಆದ್ದರಿಂದ ಈ ಸಲ ಹೆಣ್ಣು ಜಿಂಕೆಗಳ ಬೇಟೆಗೆ ಹೆಚ್ಚು ಪರ್ಮಿಟ್ ಕೊಡಬೇಕಾಗುತ್ತದೆ.

ಜೋಡಿಸಿದ ಕೈ ಜೋಡಿಸಿದಂತೆಯೇ ಉಳಿಯಿತು. ಎಣಿಕೆ ಹೆಚ್ಚಾದಷ್ಟೂ ಜಿಂಕೆಗಳಿಗೆ ಒಳ್ಳೆಯದೆಂದು ನಾನು ತಿಳಿದಿದ್ದೆ. ಈ ಎಣಿಕೆ ಯಾತಕ್ಕೆಂದು ತರಬೇತಿಯಲ್ಲೇ ವಿವರಿಸಿದ್ದರಂತೆ. ಆಗ ನಾನು ಪಕ್ಕದವರಿಗೆ ಟೇಪು ಹಿಡಿಯುವ ಸರಿಯಾದ ಕ್ರಮ ಕಲಿಸುತ್ತಿದ್ದೆ.

ಮನೆಗೆ ಬಂದು ಸುಮತಿಗೆ ಹೇಳಿದೆ. ಅವಳು ಲಟ್ಟಣಿಗೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದಳು.

“ಹಂಗಾರ ಗಂಗಾನ್ನ ಹೊಡೀತಾರೇನ್ರಿ?”

“ಯಾವ ಗಂಗಾ?”

“ಕಿವಿ ಹರದದ್ದು. ಧಾರವಾಡದಾಗ ಮೊದಲನೇ ಚಪಾತಿ ಆಕಳಿಗೆ ಹಾಕ್ತಿದ್ದಿಲ್ಲೇನು? ಇಲ್ಲೆ ಆಕಳ ಎಲ್ಲಿಂದ ತರ್ಲಿ? ನೀವು ಬೆಳಿಗ್ಗೆ ಜಿಮ್ಮಿಗೆ ಹೋದಾಗ ಬೇಲಿ ಹತ್ರ ಇದೊಂದು ಜಿಂಕಿ ಬಂದು ನಿಂತಿತ್ತು. ಗೋಗ್ರಾಸ ಅದಕ್ಕ ಹಾಕಿದೆ. ಮರುದಿನ ಮೂರು ಬಂದ್ವು.”

“ಈಗ ಎಷ್ಟು ಬರ್ತಾವ?”

“ಹದಿನಾಲ್ಕು. ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಪಾಪ ಅಲ್ಲೇನ್ರಿ? ಬೆಲ್ಲನೂ ಇಡ್ತೀನಿ.”

ಚಳಿಗಾಲವಿಡೀ ವಾರಕ್ಕೊಂದು ದೊಡ್ಡ ಹಿಟ್ಟಿನ ಚೀಲ ಹೊತ್ತು ತಂದವನು ನಾನೇ. ಎಲ್ಲವನ್ನೂ ನಾನೇ ತಿನ್ನುತ್ತಿದ್ದೇನೆಂದು ಹೆದರಿ ಜಿಮ್ಮಿನಲ್ಲಿ ದಿನಾ ಒಂದು ತಾಸು ಹೆಚ್ಚಿಗೆ ಬೆವರಿದ್ದೆ! ಇಡೀ ಕಾಡಿನ ಜಿಂಕೆಗಳು ನಮ್ಮ ಬೇಲಿಗೆ ಬಂದು ಉಂಡು, ಅಲ್ಲೇ ಆಚೆ ವಿಸರ್ಜಿಸಿದ್ದವು. ಅದನ್ನು ನಾನು ಶ್ರದ್ಧೆಯಿಂದ ಎಣಿಸಿದ್ದೆ. ಹೆಂಡತಿ ಸಾಕಿದವರನ್ನು ಗಂಡ ಬೇಟೆಯ ಪಟ್ಟಿಗೆ ಸೇರಿಸಿದಂತಾಗಿತ್ತು.

ಬೇರೆ ದಾರಿಯಿರಲಿಲ್ಲ. ಲಿಂಡಾಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಮರುದಿನ ಬೆಳಿಗ್ಗೆ ಅವಳು ಬಂದಾಗ ಬೇಲಿಯಾಚೆ ಹದಿನಾಲ್ಕೂ ಸಾಲಾಗಿ ನಿಂತಿದ್ದವು, ಮುಂದೆ ಗಂಗಾ. ಲಿಂಡಾ ಬೆರಳು ಮಡಚಿ ಒಂದೊಂದಾಗಿ ಎಣಿಸಿದಳು. ಆಮೇಲೆ ನನ್ನ ಎಣಿಕೆಯ ಮೇಲೆ ಅಡ್ಡಗೆರೆ ಎಳೆದಳು. ಈ ತುಂಡನ್ನು ಲೆಕ್ಕದಿಂದ ಬಿಡುತ್ತೇವೆ, ಇದರ ಮೇಲೆ ಪರ್ಮಿಟ್ ಹೆಚ್ಚಿಸುವುದಿಲ್ಲ ಎಂದಳು. ಸುಮತಿ ಅವಳ ಕೈ ಹಿಡಿದುಕೊಂಡಳು.

“ಆದರೆ ಚಪಾತಿ, ಬೆಲ್ಲ ನಿಲ್ಲಿಸಿ,” ಎಂದಳು ಲಿಂಡಾ. “ಚಳಿಗಾಲದಲ್ಲಿ ಅವುಗಳ ಹೊಟ್ಟೆಗೆ ಅದು ಆಗುವುದಿಲ್ಲ, ಸತ್ತೇ ಹೋಗಬಹುದು. ಹೀಗೆ ಗುಂಪುಗೂಡಿದರೆ ರೋಗವೂ ಹರಡುತ್ತದೆ.”

ಸುಮತಿ ಹಿಡಿದಿದ್ದ ಕೈ ಬಿಟ್ಟಳು. ಪುಣ್ಯವೆಂದು ಹಾಕಿದ್ದು ಬೇಟೆಗಾರನ ಗುಂಡಿಗಿಂತ ಕಮ್ಮಿ ಇರಲಿಲ್ಲವಂತೆ.

ನೌಕರಿಯ ಮೂವತ್ತು ವರ್ಷ ಸೇರಿಸಿದರೂ ರದ್ದಾದ ನನ್ನ ಏಕೈಕ ಸರ್ವೆ ಅದು. ಕಡತದಲ್ಲಿ ಕಾರಣವನ್ನೂ ಬರೆದರು: ‘ಸರ್ವೆದಾರರ ಮನೆಯ ಅಡುಗೆ.’

ಅಂದು ಮಧ್ಯಾಹ್ನ ಊಟಕ್ಕೆ ಕೂತೆ. ಕಾವಲಿಯಿಂದ ಇಳಿದ ಮೊದಲನೇ ಚಪಾತಿ, ಮೇಲೊಂದು ಬೆಲ್ಲದ ತುಂಡು, ನನ್ನ ತಟ್ಟೆಗೆ ಬಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲನೆಯದು ನನಗೆ ಸಿಕ್ಕಿದ್ದು ಅಂದೇ.

“ಇವತ್ತ ಗೋಗ್ರಾಸ ತಗದಿಡ್ಲಿಲ್ಲೇನು?” ಎಂದು ಕೇಳಿದೆ.

“ಈಗ ಹಾಕಿದೆನಲ್ಲ,” ಅಂದಳು.

ನಾನು ತಲೆ ತಗ್ಗಿಸಿ ಮೇಯತೊಡಗಿದೆ.