ನಾನು ಬಸ್ಸಿನಲ್ಲಿ ಮರೆತ ಗೂಢಚಾರ

ಕೆಲವರು ತಲೆಗೆ ಬಣ್ಣ ಹಚ್ಚುವುದನ್ನು ಗುಟ್ಟಾಗಿಡುತ್ತಾರೆ, ಕೆಲವರು ಸಕ್ಕರೆ ಕಾಯಿಲೆ ಇದ್ದೂ ಲಾಡು ತಿನ್ನುವುದನ್ನು. ನಾನು ಕಾದಂಬರಿ ಬರೆಯುವುದನ್ನು ಗುಟ್ಟಾಗಿಟ್ಟಿದ್ದೆ. ಅದೂ ಅತ್ತೆ-ಸೊಸೆಯರ ಕಾದಂಬರಿಯಲ್ಲ. ಗುಪ್ತಚರರು ಭಯೋತ್ಪಾದಕರನ್ನು ಬೆನ್ನಟ್ಟುವ, ಪುಟಕ್ಕೊಂದು ಗುಂಡು ಹಾರುವ ಕಾದಂಬರಿ. ಮೂಡಲಗಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿರುವ ಹೆಂಗಸು ಇಂಥದ್ದನ್ನು ಬರೆಯುತ್ತಾಳೆಂದರೆ ಯಾರು ನಂಬುತ್ತಾರೆ? ಸಾರು ಕುದಿಯುವಾಗ, ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತಾಗ, ನಾನು ಒಳಗೊಳಗೇ ಶತ್ರುಗಳನ್ನು ಸದೆಬಡಿಯುತ್ತಿದ್ದೆ. ನಮ್ಮವರು ಒಮ್ಮೆ, "ಏನ ಬರೀತಿ ಇಷ್ಟೊಂದು?" ಎಂದು ಕೇಳಿದ್ದರು. "ಪಾಠದ ಟಿಪ್ಪಣಿ" ಎಂದಿದ್ದೆ. ಸಂಸಾರದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದೇ. ಚಿಕ್ಕವನ್ನು ಎಣಿಸಿಲ್ಲ.

ಕಾದಂಬರಿಗೆ ಸ್ಥಳ ಬೇಕಲ್ಲ. ದಿಲ್ಲಿಯನ್ನು ನಾನು ನೋಡಿಲ್ಲ. ನೋಡಿದ್ದು ಗೋಕಾಕ, ಹುಕ್ಕೇರಿ. ಹೀಗಾಗಿ ಭಯೋತ್ಪಾದಕರೇ ಇಲ್ಲಿಗೆ ಬರಬೇಕಾಯಿತು. ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಹಿಡಕಲ್ ಡ್ಯಾಮಿನ ನಕಾಶೆಯನ್ನು ಸ್ಕೇಲು ಹಿಡಿದು ಚೊಕ್ಕಟವಾಗಿ ಬರೆದಿದ್ದೆ. ಇತ್ತ ಗೋಕಾಕ ಜಲಪಾತದ ತೂಗುಸೇತುವೆಯ ಮೇಲೊಂದು ಕೆಂಪು ಗುರುತು. ಅದರ ಕೆಳಗೆ ದುಷ್ಟರ ಸಂಕೇತ ಭಾಷೆ. ಅವರ ಭಾಷೆಯಲ್ಲಿ ನಮ್ಮ ಗೋಕಾಕದ ಸಿಹಿತಿಂಡಿ ಕರದಂಟು ಎಂದರೆ ಬಾಂಬು. "ಗುರುವಾರ ಹನ್ನೊಂದಕ್ಕೆ ಆರು ಡಬ್ಬಿ ಕರದಂಟು ಸೇತುವೆಗೆ ತಲುಪುತ್ತದೆ." ಇದು ಕಾದಂಬರಿ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಶೀರ್ಷಿಕೆ ಹೊಳೆದಿರಲಿಲ್ಲ, ಹೆಸರು ಹಾಕಲು ಧೈರ್ಯವಿರಲಿಲ್ಲ.

ಒಂದು ಬುಧವಾರ ಗೋಕಾಕದಿಂದ ಬಸ್ಸು ಹಿಡಿದು ಹುಕ್ಕೇರಿಗೆ, ಮೊಣಕಾಲು ನೋವೆಂದು ಮಲಗಿದ್ದ ಅಕ್ಕನನ್ನು ನೋಡಲು ಹೊರಟೆ. ಕಿಟಕಿಯ ಸೀಟು ಸಿಕ್ಕಿತು. ಕೊಣ್ಣೂರ ದಾಟುವ ಹೊತ್ತಿಗೆ ಕೊನೆಯ ಪುಟ ಮುಗಿಸಿ, ದೇಶವನ್ನು ಉಳಿಸಿದ ಸಮಾಧಾನದಲ್ಲಿ ಕಣ್ಣು ಮುಚ್ಚಿದೆ. ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತ ಚೀಲಕ್ಕೆ ಕೈ ಹಾಕಿದರೆ ನೋಟ್‌ಬುಕ್ಕಿಲ್ಲ.

ಚಹಾ ಅರ್ಧಕ್ಕೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ಅಲ್ಲಿ ಬಸ್ಸುಗಳ ವೇಳೆ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ, "ನೀಲಿ ನೋಟ್‌ಬುಕ್ಕೇನ್ರಿ? ಕಂಡಕ್ಟರ ತಂದಕೊಟ್ಟಿದ್ದ. ತಗದ ನೋಡಿದ್ರ ಒಳಗ ಡ್ಯಾಮಿನ ನಕಾಶಿ! ಆಗಿಂದಾಗ ಪೊಲೀಸ್ರಿಗೆ ಕಳಿಸೇನಿ. ಯಾಕ್ರಿ, ನಿಮ್ದೇನು?" ಎಂದರು.

"ಛೇ, ನಮ್ದಲ್ರಿ," ಎಂದುಬಿಟ್ಟೆ.

ನನ್ನ ನಾಯಕ ಶತ್ರುಗಳ ನಡುವೆ ಸಿಕ್ಕಿಬಿದ್ದರೂ ನಗುತ್ತಾನೆ. ನನಗೆ ಚಪ್ಪಲಿಯ ಎಡಬಲ ತಿಳಿಯದಾಯಿತು. ಅಕ್ಕನ ಮನೆಯವರೆಗೂ ಹಿಂದೆ ಬಂದ ಪ್ರತಿ ಮೋಟಾರ್ ಸೈಕಲ್ಲೂ ನನ್ನನ್ನು ಹಿಡಿಯಲೇ ಬಂದಂತೆ ಕಂಡಿತು. ನೌಕರಿ ಹೋಗುವುದು, ಪತ್ರಿಕೆಯಲ್ಲಿ ನನ್ನ ಗುರುತಿನ ಚೀಟಿಯ ಆ ಭಯಂಕರ ಫೋಟೋ ಬರುವುದು, ಎಲ್ಲವೂ ಕಣ್ಣಮುಂದೆ ಸುಳಿಯಿತು. ಬಾಗಿಲು ಹಾಕಿ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.

"ಒಡಿಯಾಕ ಬ್ಯಾರೆ ಡ್ಯಾಮ್ ಸಿಗಲಿಲ್ಲೇನ ನಿನಗ?" ಅಕ್ಕ ಎದ್ದು ಕುಳಿತಳು. "ನಮ್ಮ ಹೊಲಕ್ಕ ಅದರ ನೀರ ಬರತೈತಿ!"

"ಒಡಿಯೂದಿಲ್ಲ ಅಕ್ಕಾ, ಕಡೀಗೆ ಉಳಿತೈತಿ."

"ಅದು ನಿನಗ ಗೊತ್ತು. ಪೊಲೀಸ್ರಿಗೆ ಹೆಂಗ ಗೊತ್ತಾಗಬೇಕು? ನಾಳೆ ಗುರುವಾರ. ಹನ್ನೊಂದಕ್ಕ ಪಾಪ ಅವ್ರು ಬಿಸಲಾಗ ಸೇತುವಿ ಕಾಯ್ಕೋತ ನಿಂದ್ರತಾರ. ಬೀಗರ ಮನಿಗೆ ಕರದಂಟು ಒಯ್ಯೋ ಮಂದಿನ್ನೆಲ್ಲಾ ಹಿಡದು ಡಬ್ಬಿ ಬಿಚ್ಚಸ್ತಾರ. ನಡಿ, ಖರೆ ಹೇಳಿ ಬರೂಣು."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಹೆದರಿಕೆಯಲ್ಲಿ ನಾನೊಬ್ಬಳೇ ಇದ್ದೆ. ಮೊಣಕಾಲು ನೋವಿನ ಅಕ್ಕ ಮುಂದೆ, ನಾನು ಅವಳ ಸೆರಗಿನ ಹಿಂದೆ, ಹೀಗೆ ಠಾಣೆ ತಲುಪಿದೆವು.

ಒಳಗೆ ಮೇಜಿನ ಮೇಲೆ ನನ್ನ ನೋಟ್‌ಬುಕ್ಕು ತೆರೆದಿತ್ತು. ಅದರ ಮುಂದೆ ಕುಳಿತಿದ್ದ ಮಹಿಳಾ ಪೇದೆ ನನ್ನನ್ನು ನೋಡಿದ್ದೇ ಎದ್ದು ನಿಂತಳು. "ಬರ್ರಿ ಟೀಚರ್. ಬರ್ತೀರಿ ಅಂತ ಗೊತ್ತಿತ್ತು. ನಾ ಶೈಲಾ ಮೇಲವಂಕಿ ರೀ, ನಿಮ್ಮ ಹತ್ರಾನ ಕಲತಾಕಿ. ಹಿಂದಿನ ಬೆಂಚು."

ನಾನು ಅಕ್ಕನ ಹಿಂದಿನಿಂದ ಮುಂದೆ ಬಂದೆ. ಅವಳೇ ಮುಂದುವರಿಸಿದಳು. "ನಕಾಶಿ ನೋಡಿ ಸಾಹೇಬ್ರು ಬೆಳಗಾವಿಗೆ ಫೋನ್ ಹಚ್ಚಾಕ ಹೊಂಟಿದ್ರು. ಅಷ್ಟರಾಗ ನಾ ಕಡೀ ಪುಟ ಓದಿದ್ನಿ. 'ಬಾಂಬು ನಿಷ್ಕ್ರಿಯವಾಯಿತು. ಆದ್ದರಿಂದ ದೇಶವು ಸುರಕ್ಷಿತ ಎಂದು ಸಾಧಿಸಿದಂತಾಯಿತು.' ಕಥೀನೂ ಹಿಂಗ ಪ್ರಮೇಯದಂಗ ಮುಗಸಾವ್ರು ಭೂಮಿ ಮ್ಯಾಲ ಒಬ್ರ ಅದಾರ, ನಮ್ಮ ಟೀಚರ್, ಅಂತ ಹೇಳಿದ್ನಿ. ಆಮ್ಯಾಲ ಸಾಹೇಬ್ರು ಕುಂತು ಪೂರ್ತಿ ಓದಿದ್ರು."

"ಏನಂದ್ರು?" ಎಂದೆ. ಅಪರಾಧಿಯ ಭಯ ಹೋಗಿ ಲೇಖಕಿಯ ಭಯ ಹಿಡಿದಿತ್ತು. ಎರಡನೆಯದೇ ಹೆಚ್ಚು ನಡುಕ ತರುವಂಥದ್ದು.

"ಕಥಿ ಚಲೋ ಐತಂತ." ಶೈಲಾ ತುಸು ಸಂಕೋಚದಿಂದ ಪುಟ ತಿರುವಿದಳು. "ಆದ್ರ ಟೀಚರ್, ಸೇತುವಿಯಿಂದ ಡ್ಯಾಮು ಹದಿನೆಂಟು ಕಿಲೋಮೀಟರ್ ಅಂತೀರಿ. ನಿಮ್ಮ ನಾಯಕನ ಗಾಡಿ ತಾಸಿಗೆ ಅರವತ್ತರ ಮ್ಯಾಲ ಓಡೂದಿಲ್ಲ ಅಂತೀರಿ. ಅಂದ್ರ ಹದಿನೆಂಟು ನಿಮಿಷ ಬೇಕು. ಬಾಂಬು ಹದಿನೈದು ನಿಮಿಷಕ್ಕ ಸಿಡಿತೈತಿ. ಮೂರು ನಿಮಿಷ ಮೊದ್ಲ ಎಲ್ಲಾ ಮುಗದಿರತೈತ್ರಿ."

ಅಕ್ಕ ನನ್ನ ಕಡೆ ತಿರುಗಿ, "ಉಳಿತೈತಿ ಅಂದಿ?" ಎಂದಳು.

ನೋಟ್‌ಬುಕ್ಕು ವಾಪಸು ಸಿಗಲು ಒಂದು ಹೇಳಿಕೆ ಬರೆದುಕೊಡಬೇಕಾಯಿತು: ಈ ಕಾದಂಬರಿ ನನ್ನದು, ಇದರಲ್ಲಿರುವ ಬಾಂಬು ಕೇವಲ ಕಲ್ಪನೆ. ನಾನು ಲೇಖಕಿ ಎಂದು ಸಹಿ ಮಾಡಿದ್ದು ಅದೇ ಮೊದಲು.

ಸಂಜೆಯ ಬಸ್ಸಿನಲ್ಲಿ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತು ಆ ಮೂರು ನಿಮಿಷ ಉಳಿಸಲು ನೋಡಿದೆ. ಗಾಡಿಯ ವೇಗ ಹೆಚ್ಚಿಸೋಣವೆಂದರೆ, ನಮ್ಮ ರಸ್ತೆಯ ತಗ್ಗುದಿನ್ನೆ ಬಲ್ಲ ಯಾವ ಓದುಗನೂ ನಂಬುವುದಿಲ್ಲ. ಡ್ಯಾಮನ್ನು ಹತ್ತಿರ ತರುವಂತಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಹದಿನೈದನ್ನು ಹೊಡೆದುಹಾಕಿ, ಬಾಂಬು ಇಪ್ಪತ್ತು ನಿಮಿಷಕ್ಕೆ ಸಿಡಿಯುತ್ತದೆಂದು ತಿದ್ದಿದೆ. ಉತ್ತರ ಹೊಂದದಿದ್ದಾಗ ಪ್ರಶ್ನೆಯ ಅಂಕಿಯನ್ನೇ ಬದಲಿಸಿ ಬರೆಯುವ ಮಕ್ಕಳಿಗೆ ಇಪ್ಪತ್ತಾರು ವರ್ಷ ಸೊನ್ನೆ ಸುತ್ತುತ್ತ ಬಂದವಳು ನಾನು.